ಲಟ್ಟಣಿಗೆ

ಇಗಾಂಗಾ ರಸ್ತೆಯ ತಿರುವಿನಲ್ಲಿ ನಮ್ಮದು ಒಂಬತ್ತು ಬೈಕಿನ ಸ್ಟ್ಯಾಂಡು,
ಒಂದು ಮಾವಿನ ಮರ, ಕಗೋಯಾಳ ಚಪಾತಿ ಒಲೆ.
ಮೊಟ್ಟೆ ಸುತ್ತಿದ ಚಪಾತಿಯ ಮೊದಲ ತುತ್ತು ಬಾಯಲ್ಲಿತ್ತು,
ಕಬ್ಬಿನ ಲಾರಿ ಮಗ್ಗುಲಾಯಿತು.

ಮೊದಲು ಸದ್ದು. ಆಮೇಲೆ ಸದ್ದಿಲ್ಲ.
ಆಮೇಲೆ ಜನ.

ಜನ ಅಂದರೆ ಗೊತ್ತಲ್ಲ, ಅರ್ಧ ಕಬ್ಬಿಗೆ, ಅರ್ಧ ನೋಡುವುದಕ್ಕೆ,
ನಡುವೆ ಒಳ್ಳೆಯ ಮನಸ್ಸಿನ ನಾಲ್ವರು.
ಭಯ ಈ ನಾಲ್ವರದ್ದೇ:
ಬಿದ್ದವನ ರಟ್ಟೆ ಹಿಡಿದು ಎಳೆಯಲು ಆಗಲೇ ಬಗ್ಗಿದ್ದರು.
"ಬಿಡ್ರೋ!" ಅಂದೆ.
ನನ್ನ ದನಿ ನನಗೇ ಹೊಸದು.

ಶನಿವಾರ ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ
ನರ್ಸ್ ನೈಗಾಗಾ ನಮಗೆ ಕಲಿಸಿದ್ದು ಗೊಂಬೆಯ ಮೇಲೆ.
ಸೊಂಟದ ಕೆಳಗೆ ಏನೂ ಇಲ್ಲದ ಗೊಂಬೆ.
"ಇದಕ್ಕೆ ಅರ್ಧ ಬಾಡಿಗೆಯಾ?" ಎಂದಿದ್ದ ಕಿರುಂಡ. ನಾವೆಲ್ಲ ನಕ್ಕಿದ್ದೆವು.
ಆಕೆ ನಗಲಿಲ್ಲ.
"ಓಡುವ ಮೊದಲು ರಸ್ತೆ ನೋಡು. ಇನ್ನೊಂದು ಲಾರಿ ಬರುತ್ತಿದೆಯಾ?
ನೀನೂ ಬಿದ್ದರೆ ಎತ್ತುವವರು ಯಾರು?"

ಕಿರುಂಡ ಈಗ ತಿರುವಿನಾಚೆ ನಿಂತು
ಕೆಂಪು ಜಾಕೀಟು ಬಿಚ್ಚಿ ಬೀಸುತ್ತಿದ್ದ, ಹುಚ್ಚನ ಹಾಗೆ.

ಹುಡುಗನ ಎಡಗಾಲು, ಮೊಣಕಾಲಿನ ಕೆಳಗೆ.
ರಕ್ತ ಸೋರುತ್ತಿರಲಿಲ್ಲ, ಚಿಮ್ಮುತ್ತಿತ್ತು,
ಎದೆ ಬಡಿದಾಗಲೊಂದು ಚಿಮ್ಮು,
ಎಣಿಸಿ ಎಣಿಸಿ ಸಾಲ ತೀರಿಸುವವನಂತೆ.
ಬ್ರೆಡ್ಡಿನ ಖಾಲಿ ಚೀಲಗಳನ್ನು ಕೈಗೆ ತೊಟ್ಟೆ.
ಕಗೋಯಾ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು.
ಒತ್ತಿದೆ. ಮೈಭಾರವನ್ನೆಲ್ಲ ಅಂಗೈಗೆ ಇಳಿಸಿ ಒತ್ತಿದೆ.
ಬಟ್ಟೆಯ ಹಳದಿ ಹಕ್ಕಿಗಳು ಒಂದೊಂದಾಗಿ ಕೆಂಪಾದವು.
ಸಾಲದು.

ಬಟ್ಟೆಯ ಒಣ ಅಂಚು ಹರಿದು, ಅಗಲಕ್ಕೆ ಮಡಿಸಿ, ತೊಡೆಗೆ ಸುತ್ತಿ ಗಂಟು ಹಾಕಿದೆ.
ಗಂಟಿನಲ್ಲಿಟ್ಟು ತಿರುವಲು ಒಂದು ಕೋಲು ಬೇಕು. "ಕೋಲು!"
ಸುತ್ತಲೂ ಹತ್ತು ಟನ್ ಕಬ್ಬು,
ತಿರುವಿದರೆ ಲಟಕ್ಕೆಂದು ಮುರಿಯುವ ಕಬ್ಬು.
ಜನರ ತಲೆಗಳ ಮೇಲಿಂದ ಕೈ ದಾಟಿ ಕೈಗೆ ಬಂತು
ಹಿಟ್ಟು ಮೆತ್ತಿದ ಲಟ್ಟಣಿಗೆ.

ಒಂದು ಸುತ್ತು. ಕಿರುಚಿದ.
ಎರಡು. ನನ್ನ ತಾಯಿಯನ್ನು ಬೈದ.
ಬೈಯಲಿ, ಬೈಯಲು ಉಸಿರು ಬೇಕು.
ಮೂರು.
ನಿಂತಿತು.

ಬಿಗಿದ ಹೊತ್ತು ಬರೆಯಬೇಕು. ಪೆನ್ನಿಲ್ಲ, ಒಲೆಯ ಇದ್ದಿಲು.
ನಮ್ಮ ಮಾತಿನಲ್ಲಿ ಅದು ಬೆಳಗಾದ ಮೇಲಿನ ಒಂದನೇ ಗಂಟೆ,
ಆಸ್ಪತ್ರೆಯ ಗೋಡೆಗೆ ಏಳು.
ಏಳೂ ಹದಿನೆಂಟು ಎಂದು ಅವನ ಹಣೆಗೆ ಬರೆದೆ.
ಹಣೆಬರಹ ಬರೆಯುವವನು ಬೇರೆ ಎಂದೇ ನಂಬಿದ್ದವನು ನಾನು.
ಅಂಕಿ ಸೊಟ್ಟಗಾಯಿತು.
ಕೈ ನಡುಗಿದ್ದು ಆಗ, ಎಲ್ಲ ಮುಗಿದ ಮೇಲೆ.

ಯಾರೋ ಮುದುಕ ನೀರು ತಂದ. ಬೇಡ ಎಂದೆ.
"ಬಾಯಾರಿದವನಿಗೆ ನೀರು ಕೊಡದವನು" ಎಂದು ಉಗಿದ.
ಏನು ಹೇಳಲಿ?
ಹೋದ ವರ್ಷ ಇದೇ ತಿರುವಿನಲ್ಲಿ ಇನ್ನೊಬ್ಬನಿದ್ದ.
ಎತ್ತಿ ಕೂರಿಸಿ ಸೋಡಾ ಕುಡಿಸಿದ್ದೆವು.
ಸೋಡಾದ ದುಡ್ಡು ಕೊಟ್ಟವನು ನಾನೇ.

ಮೀನಿನ ಪಿಕಪ್ಪೊಂದು ಸಿಕ್ಕಿತು. ಉದ್ದಕ್ಕೂ ಮಾತಾಡಿಸಿದೆ.
ಹೆಸರೇನು? ಟೆನ್ಯ್ವಾ. ಅಮ್ಮ ಯಾವೂರು?
ಯಾವ ಫುಟ್‌ಬಾಲ್ ತಂಡ? ಛೆ, ಅದಾ!
ಅವನ ಮುಖದಲ್ಲಿ ಸಿಟ್ಟು ಬಂತು. ಒಳ್ಳೆಯದು.
ಲಟ್ಟಣಿಗೆ ಅವನ ಜೊತೆಗೇ ಬಾಗಿಲೊಳಗೆ ಹೋಯಿತು.

ಕಗೋಯಾ ಬಿಯರ್ ಬಾಟಲಿಯಿಂದ ಲಟ್ಟಿಸಿದಳು.
ಚಪಾತಿಗೆ ಕೊಲ್ಲಿ, ಭೂಶಿರ, ದ್ವೀಪಗಳೆಲ್ಲ ಬಂದವು.
"ಅದು ನನ್ನ ಅತ್ತೆಯದು," ಎಂದು ದಿನಾ ನನ್ನನ್ನು ಕುಟುಕಿದಳು.

ನಾಲ್ಕನೇ ತಿಂಗಳು ಒಬ್ಬ ಬಂದ, ಊರುಗೋಲಿನ ಮೇಲೆ.
ಪ್ಯಾಂಟಿನ ಎಡಗಾಲು ಮಡಿಸಿ ಪಿನ್ನು ಹಾಕಿತ್ತು.
ನಾನು ಆ ಮಡಿಕೆಯನ್ನೇ ನೋಡಿದೆ.
ಅವನು ನನ್ನನ್ನೇ.
ಪೇಪರಿನಲ್ಲಿ ಸುತ್ತಿದ್ದನ್ನು ಕಗೋಯಾಳ ಮುಂದೆ ಇಟ್ಟ.

ಬಿಸಿನೀರಲ್ಲಿ ಎರಡು ಸಲ ತೊಳೆದಳು,
ಮರದ ಎಳೆಯೊಳಗೆ ಒಂದು ಕಂದು ಗೆರೆ ಉಳಿದೇ ಉಳಿಯಿತು.
ಒರೆಸಿ, ಮಾವಿನ ಮರದ ಮೊಳೆಗೆ ನೇತುಹಾಕಿದಳು,
ಒಗೆದ ಪಟ್ಟಿ, ಹೊಸ ಬ್ರೆಡ್ಡಿನ ಚೀಲಗಳ ಪಕ್ಕ.
"ಅದು ಇನ್ನು ಚಪಾತಿಗಲ್ಲ."
ಬಾಟಲಿಯಲ್ಲೇ ಅವನಿಗೊಂದು ಲಟ್ಟಿಸಿ ಕೊಟ್ಟಳು.

ದುಡ್ಡು ತಗೊಂಡಳು.